ಮೀಟರು ಓದಿದವಳು

ಜೂನ್ 11

ಮಗಳಿಗೆ,

ಇದು ಅಮ್ಮನ ಕೈಬರಹ. ಗಾಬರಿಯಾಗಬೇಡ, ಇಬ್ಬರೂ ಗಟ್ಟಿಯಾಗಿದ್ದೇವೆ. ಶನಿವಾರ ಮಧ್ಯಾಹ್ನ ಬಿರುಗಾಳಿ ಎದ್ದು, ಲಾಂಡ್ರಿಯವರ ತಗಡು ಹಾರಿಬಂದು ನಮ್ಮ ಏರಿಯಲ್ ಮೇಲೆ ಬಿತ್ತು. ನೀರಿನ ಟ್ಯಾಂಕಿನ ಮೇಲಿನ ಕೊಳವೆಗೆ ಕಟ್ಟಿದ್ದ ಎರಡು ತಂತಿಗಳಲ್ಲಿ ಒಂದು ಬುಡದಲ್ಲೇ ಕಿತ್ತುಹೋಯಿತು. ನಾಲ್ಕು ದಿನದಿಂದ ಸಂಜೆ ಆರಕ್ಕೆ ನಿನ್ನ ಅಪ್ಪ ರೇಡಿಯೋ ಮುಂದೆ ಕೂರುತ್ತಾರೆ. ನೀನು ಕರೆಯುತ್ತಿರುತ್ತೀಯೆಂದು ಗೊತ್ತು. ಆದರೆ ಬಾವಿಯ ತಳದಿಂದ ಬಂದ ಹಾಗೆ ಬರೀ ಭೋರೆನ್ನುವ ಸದ್ದು.

ಅವರು ಹೇಳಿಕೊಟ್ಟ ಹಾಗೆ ಏಣಿ ಹತ್ತಿ, ಕಿತ್ತ ತಂತಿಯನ್ನು ಕೇಬಲ್ಲಿನ ನಡು ಎಳೆಗೆ ನಾನೇ ಸುತ್ತಿ ಟೇಪು ಹಾಕಿ ಬಂದೆ. ಆದರೂ ಸರಿಯಾಗಿಲ್ಲ. "ಕಣ್ಣಿದ್ದಿದ್ರೆ ಹತ್ತು ನಿಮಿಷದ ಕೆಲ್ಸ ಕಣೇ, ಅವಳಿಗೆ ಬರಿ, ಅವಳು ಹೇಳ್ತಾಳೆ" ಅನ್ನುತ್ತಾರೆ. ಪಕ್ಕದಲ್ಲೇ ಕೂತಿದ್ದಾರೆ. ಬರೆದದ್ದನ್ನು ಎರಡು ಸಲ ಓದಿಸಿಕೊಂಡರು. ಅಲ್ಲಿಯ ಚಳಿಗೆ ನಿನ್ನ ಎದೆ ಕಟ್ಟುವುದು ಈಗ ಹೇಗಿದೆ? ಇದು ಅವರು ಹೇಳಿದ್ದಲ್ಲ, ನಾನು ಕೇಳಿದ್ದು.

ಅಮ್ಮ

ಜೂನ್ 24

ಅಪ್ಪನಿಗೆ,

ನಾನಿರುವ ದೀಪಸ್ತಂಭಕ್ಕೆ ಟಪಾಲು ದೋಣಿ ವಾರಕ್ಕೊಂದೇ. ಅದಕ್ಕೇ ತಡವಾಯಿತು. ಹದಿನೇಳು ದಿನದಿಂದ ಆರಕ್ಕೆ ಸರಿಯಾಗಿ ನಿಮ್ಮನ್ನು ಕರೆಯುತ್ತಿದ್ದೇನೆ. ಇಲ್ಲಿ ಹಗಲೆಲ್ಲ ಹಡಗುಗಳ ಜತೆ ಮಾತಾಡುತ್ತೇನೆ. ಆದರೂ ನಿಮ್ಮ ಜತೆಯ ಆ ಮುಕ್ಕಾಲು ಗಂಟೆ ಇಲ್ಲದೆ ದಿನ ಮುಗಿದ ಹಾಗೇ ಆಗುವುದಿಲ್ಲ.

ಅಮ್ಮನ ಕೈಯಲ್ಲಿ ಎರಡು ಪರೀಕ್ಷೆ ಮಾಡಿಸಿ. ಮೊದಲನೆಯದು, ಕೇಬಲ್ಲನ್ನು ರೇಡಿಯೋದಿಂದ ಬಿಚ್ಚಿ, ಪ್ಲಗ್ಗಿನ ನಡು ಮೊಳೆಗೂ ಹೊರಗಿನ ಬಳೆಗೂ ಮೀಟರು ಹಿಡಿಯಿರಿ. ಮುಳ್ಳು ಅಲ್ಲಾಡಬಾರದು. ಅಲ್ಲಾಡಿದರೆ ಕೇಬಲ್ಲಿನೊಳಗೆ ನೀರು ಹೋಗಿದೆ. ಎರಡನೆಯದು, ಅಮ್ಮ ಟ್ಯಾಂಕು ಹತ್ತಿ, ಮೇಲೆ ಎರಡು ತಂತಿಗಳ ಬುಡವನ್ನೂ ಕ್ಲಿಪ್ಪಿನಿಂದ ಸೇರಿಸಿ ಬರಲಿ. ಆಗ ಮುಳ್ಳು ಸೊನ್ನೆಗೆ ಬೀಳಬೇಕು. ಬೀಳದಿದ್ದರೆ ಮೇಲಿನ ಗಂಟೇ ಕೆಟ್ಟಿದೆ. ಅಂಕಿಗಳನ್ನು ಬರೆದು ಕಳಿಸಿ.

ನಿಮ್ಮ ಮಗಳು

ಜುಲೈ 6

ಮಗಳಿಗೆ,

ನಿನ್ನ ಅಪ್ಪ ಮೀಟರಿನ ಕಡ್ಡಿಗಳನ್ನು ಹಿಡಿದರು, ನಾನು ಮುಳ್ಳು ಓದಿದೆ. ಮೊದಲ ಸಲ ನೂರಿಪ್ಪತ್ತು. ಮೇಲೆ ಹತ್ತಿ ಕ್ಲಿಪ್ಪು ಹಾಕಿ ಬಂದ ಮೇಲೆ ಸೊನ್ನೆ. "ಹಾಗಾದ್ರೆ ಗಂಟು ಸರಿಯಾಗಿದೆ, ಪ್ಲಗ್ಗಿಗೇ ನೀರು ಹೋಗಿದೆ" ಅಂದರು. ಹಳೆಯ ಪ್ಲಗ್ಗು ಕತ್ತರಿಸಿ ಹೊಸದಕ್ಕೆ ತಾವೇ ಸಾಲ್ಡರ್ ಹಾಕಿದರು. ಬೆರಳಲ್ಲಿ ತಡವಿ ತಡವಿ ಹಾಕಿದ್ದರಿಂದ ಎರಡು ಬೆರಳು ಸುಟ್ಟವು. ಬೆಣ್ಣೆ ಹಚ್ಚಿದೆ. ಅಷ್ಟಾದರೂ ರೇಡಿಯೋ ಹಾಗೇ ಇದೆ.

ಏಣಿಯ ನಾಲ್ಕನೇ ಮೆಟ್ಟಿಲು ಅಲ್ಲಾಡುತ್ತದೆ. ನನ್ನ ವಯಸ್ಸು ಐವತ್ತೆಂಟು. ಸುಮ್ಮನೆ ತಿಳಿಸಿದೆ.

ಅಮ್ಮ

ಜುಲೈ 18

ಅಪ್ಪನಿಗೆ,

ನೀರು ಪ್ಲಗ್ಗಿನಿಂದ ಇನ್ನೂ ಮೇಲಕ್ಕೆ ಏರಿರಬಹುದು. ಕೇಬಲ್ಲಿನ ಕೆಳತುದಿಯಿಂದ ಮೊಳದುದ್ದ ಕತ್ತರಿಸಿ, ಮತ್ತೆ ಪ್ಲಗ್ಗು ಹಾಕಿ, ಮತ್ತೆ ಅಳೆಯಿರಿ. ಅಂಕಿ ಬದಲಾಗದಿದ್ದರೆ ಇನ್ನೊಂದು ಮೊಳ. ಅವಸರ ಮಾಡಬೇಡಿ, ಬೆರಳು ಜೋಪಾನ. ಮೋರ್ಸ್ ಕೀ ಒತ್ತುವ ಬೆರಳೇ ಅಲ್ಲವೇ ನಿಮ್ಮ ಬಾಯಿ.

ಅಮ್ಮ, ಏಣಿಯನ್ನು ಗೋಡೆಗೆ ಕಟ್ಟಿಕೊಂಡು ಹತ್ತು.

ಮಗಳು

ಆಗಸ್ಟ್ 2

ಮಗಳಿಗೆ,

ಮೂರು ಮೊಳ ಕತ್ತರಿಸಿಯಾಯಿತು. ನಾಲ್ಕು ಪ್ಲಗ್ಗು ಮುಗಿದವು. ಪ್ರತಿ ಸಲವೂ ನೂರಿಪ್ಪತ್ತೇ. ಈಗ ಕೇಬಲ್ಲು ಮೇಜಿನವರೆಗೆ ಎಟಕುವುದಿಲ್ಲ. ಮೇಜನ್ನೇ ಕಿಟಕಿಯ ಹತ್ತಿರಕ್ಕೆ ತಳ್ಳಿದ್ದೇವೆ. ನಿನ್ನ ಅಪ್ಪನ ಎಡಗೈಯ ಮೂರು ಬೆರಳಿಗೆ ಬಟ್ಟೆ ಸುತ್ತಿದೆ. ಸಂಜೆ ಆರಕ್ಕೆ ಆದರೂ ಕೂರುತ್ತಾರೆ. ಕೆಟ್ಟ ರೇಡಿಯೋ ಮುಂದೆ ಕೂತು ಕೀ ಒತ್ತುತ್ತಾರೆ. "ನನ್ಗೆ ಕೇಳಿಸ್ದಿದ್ರೂ ಅವಳಿಗೆ ಒಂದಕ್ಷರ ಮುಟ್ಟಬಹುದಲ್ವಾ" ಅಂತ.

ಅಮ್ಮ

ಆಗಸ್ಟ್ 17

ಪ್ರೀತಿಯ ಅಮ್ಮನಿಗೆ,

ಈ ಸಲ ನಿನಗೇ ಬರೆಯುತ್ತಿದ್ದೇನೆ. ಇಷ್ಟು ದಿನ ಅಂಕಿಗಳಲ್ಲೇ ಮುಳುಗಿ ನಿನ್ನನ್ನು ಕೇಳುವುದೇ ಮರೆತುಹೋಗಿತ್ತು. ಹೊಟ್ಟೆಯ ಆಪರೇಷನ್ ಆದ ಜಾಗ ಈಗ ನೋಯುತ್ತದೆಯೇ? ಏಣಿ ಹತ್ತಿಳಿದು ಹೊಲಿಗೆಗೆ ಏನೂ ಆಗಿಲ್ಲ ತಾನೇ? ಹಗಲಲ್ಲಿ ಏನು ಮಾಡುತ್ತೀ? ಬಿಡುವಾಗಿ ಬರಿ. ಓದಲು ಆಸೆಯಾಗಿದೆ.

ಒಂದು ಸಣ್ಣ ಕೆಲಸ. ಮೀಟರೇ ಕೆಟ್ಟಿರಬಹುದೇ ಎಂದು ನನಗೆ ಅನುಮಾನ. ಈ ಲಕೋಟೆಯಲ್ಲಿ ಬಣ್ಣದ ಪಟ್ಟಿಗಳಿರುವ ಒಂದು ಪುಟ್ಟ ರೆಸಿಸ್ಟರ್ ಇಟ್ಟಿದ್ದೇನೆ. ಅದು ನೂರು ಓಮಿನದು. ಅದರ ಎರಡು ಕಾಲಿಗೆ ಮೀಟರು ಹಿಡಿದು ಎಷ್ಟು ತೋರಿಸುತ್ತದೆ ಬರೆ. ನೂರು ತೋರಿಸಿದರೆ ಮೀಟರು ಸರಿಯಾಗಿದೆ ಎಂದರ್ಥ.

ನಿನ್ನ ಮಗಳು

ಆಗಸ್ಟ್ 30

ನನ್ನ ಬಂಗಾರದ ಮಗಳಿಗೆ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ, ಆಮೇಲೆ ಕೂತು ಓದಿದೆ. ಹೊಲಿಗೆ ಮಳೆ ಬರುವ ಮುಂಚೆ ಸ್ವಲ್ಪ ಎಳೆಯುತ್ತದೆ, ಅಷ್ಟೇ. ಹಗಲಲ್ಲಿ ಏನು ಮಾಡುತ್ತೀ ಎಂದು ಕೇಳಿದ್ದೀಯ. ನೀನು ಹೋದ ಈ ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಮಧ್ಯಾಹ್ನ ನಿನ್ನ ಅಪ್ಪ ಮಲಗಿದ ಮೇಲೆ ಬೀದಿ ತುದಿಯ ದರ್ಜಿ ಅಂಗಡಿಗೆ ಹೋಗುತ್ತೇನೆ. ಆ ದರ್ಜಿ ನನಗಿಂತ ಆರು ವರ್ಷ ದೊಡ್ಡವಳು, ಗಂಡ ಇಲ್ಲ. ಅಕ್ಕ ಅನ್ನುತ್ತೇನೆ. ಅಂಗಿಗಳಿಗೆ ಕಾಜ ಮಾಡುವುದು, ಗುಂಡಿ ಹೊಲಿಯುವುದು ನನ್ನ ಪಾಲಿನ ಕೆಲಸ. ನನ್ನ ಕಾಜ ಅವಳದ್ದಕ್ಕಿಂತ ನೀಟು ಅಂತ ಗಿರಾಕಿಗಳೇ ಹೇಳುತ್ತಾರೆ, ಅವಳು ಒಪ್ಪುವುದಿಲ್ಲ. ಮೊನ್ನೆ ಒಬ್ಬ ಬ್ಯಾಂಕಿನವನ ಕೋಟಿಗೆ ಗುಂಡಿಗಳನ್ನು ಎಡಬಲ ಮಾಡಿ ಹೊಲಿದುಬಿಟ್ಟು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಂಥದ್ದೆಲ್ಲ ನಿನಗೆ ಬೇಜಾರಾಗುತ್ತದೋ ಏನೋ. ಇನ್ನೂ ಬರೆಯಲೇ?

ರೆಸಿಸ್ಟರ್ ಪರೀಕ್ಷೆ ಮಾಡಿದೆವು. ಸರಿಯಾಗಿ ನೂರು ಬಂತು. ಮೀಟರಿಗೆ ಏನೂ ಆಗಿಲ್ಲ.

ನಿನ್ನ ಅಮ್ಮ

ಸೆಪ್ಟೆಂಬರ್ 12

ಅಮ್ಮ,

ನಾನು ಕಳಿಸಿದ್ದು ಸಾವಿರ ಓಮಿನದು.

ಕಂದು, ಕಪ್ಪು, ಕೆಂಪು ಪಟ್ಟಿ. ಸಾವಿರ. ನೂರು ಎಂದು ಬೇಕಂತಲೇ ಬರೆದೆ. ಮುಳ್ಳು ನೋಡಿ ಓದುವವಳಾಗಿದ್ದರೆ ನೀನು ಸಾವಿರ ಅನ್ನುತ್ತಿದ್ದೆ. ಯಾವ ಕೇಬಲ್ಲೂ ನಾಲ್ಕು ಸಲ ಕತ್ತರಿಸಿದ ಮೇಲೂ ಅದೇ ನೂರಿಪ್ಪತ್ತು ತೋರಿಸುವುದಿಲ್ಲ. ಆಗಸ್ಟಿನಲ್ಲೇ ನನಗೆ ಗೊತ್ತಾಗಿತ್ತು. ಆದರೆ ಸುಮ್ಮನೆ ಕೇಳಿದ್ದರೆ ನೀನು ಮೆತ್ತಗೆ ಜಾರಿಕೊಳ್ಳುತ್ತಿದ್ದೆ. ಅದಕ್ಕೇ ಹೊಟ್ಟೆ ನೋವು, ಹೊಲಿಗೆ ಎಂದೆಲ್ಲ ವಿಚಾರಿಸಿದೆ. ಕೆಲಸ ಮಾಡಿತು.

ಕಣ್ಣಿಲ್ಲದವರ ಕಣ್ಣಿಗೆ ಮಣ್ಣೆರಚಿದ ಹೆಂಡತಿ ಲೋಕದಲ್ಲಿ ನೀನೊಬ್ಬಳೇ ಇರಬೇಕು. ಅವರು ಬೆರಳು ಸುಟ್ಟುಕೊಳ್ಳುತ್ತಿದ್ದರೆ ನೀನು ಪಕ್ಕದಲ್ಲಿ ನಿಂತು ನೋಡಿದೆ. ಆಮೇಲೆ ಬೆಣ್ಣೆ ಹಚ್ಚಿದೆ. ಯಾಕೆ? ಅಪ್ಪ ನನ್ನ ಜತೆ ಮುಕ್ಕಾಲು ಗಂಟೆ ಸಂತೋಷವಾಗಿರುವುದನ್ನು ನೋಡಲಾಗುವುದಿಲ್ಲ, ಅಷ್ಟೇ ತಾನೇ? ಗುಂಡಿ ಹೊಲಿಯುವವಳಿಗೆ ರೇಡಿಯೋದಲ್ಲಿ ಏನು ತಿಳಿಯುತ್ತದೆ ಎಂದು ನಾವು ನಿನ್ನನ್ನು ಅದರಿಂದ ದೂರ ಇಟ್ಟದ್ದಲ್ಲ. ನಿನಗೇ ಎಂದೂ ಆಸಕ್ತಿ ಇರಲಿಲ್ಲ.

ಮಗಳು

ಸೆಪ್ಟೆಂಬರ್ 25

ಮಗಳಿಗೆ,

ಆಸಕ್ತಿ ಇತ್ತು.

ನೀನು ರೇಡಿಯೋ ಪರವಾನಗಿಯ ಪರೀಕ್ಷೆಗೆ ಓದಿದ ಹಳೆಯ ಪುಸ್ತಕ ಬೀರುವಿನ ಕೆಳಗಿನ ಖಾನೆಯಲ್ಲಿತ್ತು. ಅದರ ಕೊನೆಯ ಹಾಳೆಯಲ್ಲಿ ಮೋರ್ಸಿನ ಚುಕ್ಕೆ ಗೆರೆಗಳ ಪಟ್ಟಿ. ನಾಲ್ಕು ವರ್ಷದ ಹಿಂದೆ ಅದನ್ನು ತೆಗೆದುಕೊಂಡು ದರ್ಜಿ ಅಂಗಡಿಗೆ ಹೋಗತೊಡಗಿದೆ. ಅಕ್ಕ ಮೇಜಿನ ಮೇಲೆ ಕತ್ತರಿಯಿಂದ ಕುಟ್ಟುತ್ತಿದ್ದಳು, ನಾನು ಅಕ್ಷರ ಹೇಳುತ್ತಿದ್ದೆ. ನಿಮ್ಮಿಬ್ಬರಿಗೂ ಗೊತ್ತಾಗದ ಹಾಗೆ ಕಲಿತು, ನಿನ್ನ ಹುಟ್ಟುಹಬ್ಬದ ದಿನ ನಿನ್ನ ಅಪ್ಪನ ಕೈಯನ್ನು ಕೀ ಮೇಲಿಂದ ಮೆಲ್ಲಗೆ ಸರಿಸಿ ಎರಡು ಮಾತು ನಾನೇ ಕಳಿಸಬೇಕು ಅಂತ ಆಸೆ. ಪರವಾನಗಿ ಇಲ್ಲದವರು ಕಳಿಸಬಾರದಂತೆ. ಅದೂ ಪುಸ್ತಕದಲ್ಲೇ ಇತ್ತು. ಆದರೂ ಎರಡು ಮಾತಿಗೆ ಯಾರು ಹಿಡಿದುಕೊಂಡು ಹೋಗುತ್ತಾರೆ ಅಂದುಕೊಂಡೆ.

ಮೊದಲು ನನ್ನ ಕಿವಿಗೆ ಸಿಕ್ಕಿದ್ದು ನಿಮ್ಮ ನಗು. ನಾಲ್ಕು ಚುಕ್ಕೆ, ಎರಡು ಚುಕ್ಕೆ. ಹಿ. ಮತ್ತೆ ನಾಲ್ಕು ಚುಕ್ಕೆ, ಎರಡು ಚುಕ್ಕೆ. ಹಿ ಹಿ. ರೇಡಿಯೋದವರು ಹೀಗೆ ನಗುತ್ತಾರೆಂದು ಪುಸ್ತಕ ನೋಡಿ ತಿಳಿದಾಗ ನಾನೂ ಅಡುಗೆಮನೆಯಲ್ಲಿ ನಕ್ಕಿದ್ದೆ. ಆಮೇಲೆ ಕ್ಯೂಆರ್‌ಎಂ ಸಿಕ್ಕಿತು. ಪದೇ ಪದೇ ಬರುತ್ತಿತ್ತು. ಪುಸ್ತಕದಲ್ಲಿ ಅದಕ್ಕೆ 'ಬೇರೆ ನಿಲಯದ ಅಡಚಣೆ' ಎಂದಿದೆ. ನಾನು ಕೋಣೆಗೆ ಕಾಫಿ ತಂದಾಗ ಮಾತ್ರ ಅಡಚಣೆ ಬರುತ್ತದೆ, ಲೋಟ ಇಟ್ಟು ಹೊರಟರೆ ಹೋಗುತ್ತದೆ ಎಂದು ಅರ್ಥವಾಗಲು ನನಗೆ ಒಂದು ತಿಂಗಳು ಹಿಡಿಯಿತು. ದಡ್ಡಿ.

ನನ್ನ ಆಪರೇಷನ್ನಿನ ಹಿಂದಿನ ಸಂಜೆ ಅದೇ ಕೋಣೆಯಲ್ಲಿ ಆಸ್ಪತ್ರೆಗೆ ಚೀಲ ತುಂಬುತ್ತಿದ್ದೆ. ನಿನ್ನ ಅಪ್ಪ ಕುಟ್ಟಿದರು, ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ. ನಾಳೆಯಿಂದ ಹತ್ತು ದಿನ ಕ್ಯೂಆರ್‌ಎಂ ಇರಲ್ಲ. ನೀನು ಹೇಳಿದೆ, ಹತ್ತೇ ದಿನಾನಾ. ಆಮೇಲೆ ನಾಲ್ಕು ಚುಕ್ಕೆ ಎರಡು ಚುಕ್ಕೆ. ನಾನು ಟವೆಲು ಮಡಚಿ ಚೀಲಕ್ಕೆ ಹಾಕಿದೆ.

ಬಿರುಗಾಳಿಯ ದಿನ ನಾನು ಬೇಕಂತ ಏನೂ ಮಾಡಲಿಲ್ಲ. ತಾಮ್ರದ ತಂತಿಯ ಮೇಲೆ ವಾರ್ನಿಷ್ ಇರುತ್ತದೆ, ಅದನ್ನು ಕೆರೆದೇ ಸುತ್ತಬೇಕು, ಇಲ್ಲದಿದ್ದರೆ ಕರೆಂಟು ಹಾಯುವುದಿಲ್ಲ ಎಂದು ನಿನ್ನ ಅಪ್ಪ ಹೇಳಿದ್ದರು. ಗಾಳಿಗೆ ಹೆದರಿ ಕೆರೆಯುವುದು ಮರೆತೆ. ಕೆಳಗೆ ಇಳಿದ ಮೇಲೆ ನೆನಪಾಯಿತು. "ಕೆರೆದ್ಯಾ?" ಅಂತ ಕೇಳಿದರು. "ಕೆರೆದೆ" ಅಂದೆ. ಮತ್ತೆ ಹತ್ತಲಿಲ್ಲ. ಆ ಸಂಜೆ ಆರಕ್ಕೆ ಮನೆ ತಣ್ಣಗಿತ್ತು. ತಿಂಗಳಾಗುವುದರೊಳಗೆ ನಿನ್ನ ಕಾಗದವೂ ಬಂತು. ಅಪ್ಪನ ಹೆಸರಿಗೇ ಇರಲಿ, ಒಡೆದು ಓದಿದವಳು ನಾನು. ಇದು ನಡೆಯುವಷ್ಟು ದಿನ ನಡೆಯಲಿ ಅಂದುಕೊಂಡೆ.

ಬೆರಳಿನ ವಿಷಯ ನೀನು ಹೇಳಿದ್ದು ಸರಿ. ನಿಂತು ನೋಡಿದೆ.

ಅಮ್ಮ

ಅಕ್ಟೋಬರ್ 7

ಅಮ್ಮ,

ಓದಿದೆ. ಅದೆಲ್ಲ ತಮಾಷೆಗೆ ಆಡಿದ ಮಾತು. ಇಬ್ಬರು ಮಾತಾಡುವಾಗ ಮೂರನೆಯವರ ಬಗ್ಗೆ ಏನೋ ಒಂದು ಬರುತ್ತದೆ. ಕದ್ದು ಕೇಳಿಸಿಕೊಂಡವರಿಗೆ ಒಳ್ಳೆಯದು ಕೇಳಿಸಿದ್ದು ಎಲ್ಲಾದರೂ ಉಂಟೇ? ನೋವಾಗಿದ್ದರೆ ಕ್ಷಮಿಸು.

ನಿಮ್ಮ ಊರಿಗೆ ಎರಡು ಗಂಟೆಯ ದಾರಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದಾರೆ. ಅವರೂ ರೇಡಿಯೋದವರು. ಒಂದು ಭಾನುವಾರ ಬಂದು ಗಂಟು ಸರಿಮಾಡುತ್ತಾರೆ. ಅವರನ್ನು ಟ್ಯಾಂಕು ಹತ್ತಲು ಬಿಡು. ಅಪ್ಪನಿಗೆ ನಾನು ಏನೂ ಹೇಳುವುದಿಲ್ಲ, ನೀನೂ ಹೇಳಬೇಡ.

ಮಗಳು

ಅಕ್ಟೋಬರ್ 21

ಮಗಳಿಗೆ,

ಡಾಕ್ಟರು ಬಂದಿದ್ದರು. ಒಳ್ಳೆಯ ಮನುಷ್ಯ. ಟೇಪು ಬಿಚ್ಚಿ, ಚಾಕುವಿನಿಂದ ತಂತಿ ಕೆರೆದು ಸಾಲ್ಡರ್ ಹಾಕಿ ಇಳಿಯಲು ಅವರಿಗೆ ಕಾಲು ಗಂಟೆ ಸಾಕಾಯಿತು. ಕೈ ತೊಳೆಯಲು ನೀರು ಕೊಟ್ಟೆ. ಟವೆಲಿನಲ್ಲಿ ಒರೆಸಿಕೊಳ್ಳುತ್ತ, ನಗುತ್ತ, "ಅಮ್ಮಾ, ಕ್ಯೂಆರ್‌ಎಂ ಅಂದ್ರೆ ನೀವೇ ಅಲ್ವಾ? ನಾವೆಲ್ಲ ನಿಮ್ ಬಗ್ಗೆ ಎಷ್ಟು ಕೇಳಿದೀವಿ" ಅಂದರು. ಅಕ್ಕರೆಯ ಹೆಸರು ಅಂದುಕೊಂಡಿದ್ದಾರೆ, ಪಾಪ. ಗಾಳಿಯಲ್ಲಿ ಹೋಗುವ ಮಾತನ್ನು ಯಾರು ಬೇಕಾದರೂ ಹಿಡಿಯಬಹುದು ಅನ್ನುವುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೂ ಆ 'ಯಾರು ಬೇಕಾದರೂ' ಎದುರಿಗೆ ಟವೆಲು ಹಿಡಿದು ನಿಂತುಕೊಳ್ಳುತ್ತಾರೆ ಅಂದುಕೊಂಡಿರಲಿಲ್ಲ.

ಅವರು ಹೋದ ಮೇಲೆ ನಿನ್ನ ಅಪ್ಪನಿಗೆ ಎಲ್ಲ ಹೇಳಿದೆ. ಕೆರೆಯದೆ ಬಿಟ್ಟದ್ದು, ಮೀಟರು ಸುಳ್ಳು ಓದಿದ್ದು, ನಾಲ್ಕು ವರ್ಷದಿಂದ ನನಗೆ ಪ್ರತಿ ಅಕ್ಷರವೂ ಅರ್ಥವಾಗುತ್ತಿತ್ತು ಅನ್ನುವುದು. ಬೈಯುತ್ತಾರೆ ಅಂದುಕೊಂಡೆ. ಎರಡು ಮಾತು ಬೈದಿದ್ದರೆ ನಾನೂ ಎರಡು ಬೈದು ಅಡುಗೆಗೆ ಇಡುತ್ತಿದ್ದೆ.

"ಎಲ್ಲಾ ಕೇಳಿಸ್ಕೊಂಡ್ಯಾ?" ಅಂದರು.

"ಕೇಳಿಸ್ಕೊಂಡೆ."

"ಒಳ್ಳೇದಾಯ್ತು ಬಿಡು. ಮುಖಕ್ಕೆ ಹೇಳೋ ಕೆಲ್ಸ ತಪ್ಪಿತು."

ಗಡಿಯಾರ ಮುಟ್ಟಿ ನೋಡಿಕೊಂಡರು. ಆರಾಗಿತ್ತು. ರೇಡಿಯೋ ಹಾಕಿ ನಿನ್ನನ್ನು ಕರೆದರು. ನೀನು ಬಂದೆ. ನಾಲ್ಕು ತಿಂಗಳ ಮೇಲೆ ಇಬ್ಬರೂ ಸಿಕ್ಕಿದಿರಿ, ಎಷ್ಟು ಹೊತ್ತು ಕುಟ್ಟಿದಿರಿ. ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ತುಂಬಿಕೊಂಡೆ.

ದರ್ಜಿ ಅಂಗಡಿಯ ಮೇಲೆ ಒಂದು ಕೋಣೆ ಇದೆ. ಗುರುವಾರ ಅಲ್ಲಿಗೆ ಹೋಗುತ್ತೇನೆ. ಲಾಂಡ್ರಿಯವಳು ಮುಂದಿನ ತಿಂಗಳ ಕೊನೆಯವರೆಗೆ ಎರಡು ಹೊತ್ತು ಊಟ ಕೊಡಲು ಒಪ್ಪಿದ್ದಾಳೆ. ಕಣ್ಣಿಗೆ ಬಿಡುವ ಔಷಧಿ ಕಿಟಕಿಯ ಹತ್ತಿರ ಇದೆ. ಬೆಳಗ್ಗೆ ಎರಡು ಹನಿ, ಸಂಜೆ ಎರಡು ಹನಿ. ಉಗುರು ಕತ್ತರಿಸುವುದನ್ನು ನೀನು ನೆನಪಿಸಬೇಕು, ಇಲ್ಲದಿದ್ದರೆ ಮಾಡುವುದಿಲ್ಲ. ನೀರು ಕಾಯಿಸಲು ಒಬ್ಬರನ್ನೇ ಬಿಡಬೇಡ. ಅವರನ್ನು ನಿನಗೆ ಒಪ್ಪಿಸಿದ್ದೇನೆ. ಬಾ.

ಅಮ್ಮ

ನವೆಂಬರ್ 14

ಅಮ್ಮ,

ನೀನು ನಿಜವಾಗಿಯೂ ಹೋಗುತ್ತೀಯೆಂದು ನಾನು ನಂಬಿರಲಿಲ್ಲ.

ಮೊದಲ ವಾರ ಅಪ್ಪ ಹುಡುಗನ ಹಾಗಿದ್ದರು. "ಮನೆಯೆಲ್ಲ ನಂದೇ" ಅಂದರು. ಎರಡನೇ ವಾರ ಊಟ ತಣ್ಣಗೆ ಬರುತ್ತದೆ ಅಂದರು. ಈಗ ಬೇರೆ ಮಾತೇ ಇಲ್ಲ, ಯಾವಾಗ ಬರ್ತೀಯಾ, ಯಾವಾಗ ಬರ್ತೀಯಾ. ಬಚ್ಚಲಲ್ಲಿ ಜಾರಿ ಬಿದ್ದು ಮೊಣಕಾಲು ಊದಿದೆಯಂತೆ. ರಜೆ ಕೊಡುತ್ತಿಲ್ಲ ಎಂದು ಹೇಳಿದ್ದೇನೆ. ಅದು ಸುಳ್ಳು. ನನಗೆ ನಲವತ್ತೆಂಟು ದಿನ ರಜೆ ಬಾಕಿ ಇದೆ. ನನ್ನಿಂದ ಆಗುವುದಿಲ್ಲ ಅಮ್ಮ. ಹನ್ನೊಂದು ವರ್ಷದಿಂದ ಒಬ್ಬಳೇ ಇದ್ದೇನೆ. ಅಪ್ಪನನ್ನು ಇಷ್ಟು ಪ್ರೀತಿಸುತ್ತೇನೆ ಅಂದುಕೊಂಡಿದ್ದೆ. ಯೋಚಿಸಿ ನೋಡಿದರೆ ನನಗೆ ಅಪ್ಪ ಅಂದರೆ ಸಂಜೆ ಆರರಿಂದ ಆರೂಮುಕ್ಕಾಲು. ಅವರಿಗೆ ಔಷಧಿ ಬಿಡುವುದು, ಉಗುರು ಕತ್ತರಿಸುವುದು, ಬಚ್ಚಲಿಗೆ ಕೈಹಿಡಿದು ಕರೆದೊಯ್ಯುವುದು ನನ್ನಿಂದ ಸಾಧ್ಯವಿಲ್ಲ.

ಒಂಬತ್ತು ದಿನದಿಂದ ನಾನು ಉತ್ತರ ಕೊಡುತ್ತಿಲ್ಲ. ಅವರು ಕರೆಯುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಡಾಕ್ಟರು ಬಹಳ ಚೆನ್ನಾಗಿ ಸರಿಮಾಡಿದ್ದಾರೆ. ಪಟ್ಟಣದಲ್ಲಿ ಒಂದು ವೃದ್ಧಾಶ್ರಮ ವಿಚಾರಿಸಿದ್ದೇನೆ, ಹೊಸ ವರ್ಷಕ್ಕೆ ಜಾಗ ಖಾಲಿಯಾಗುತ್ತದೆ. ಅಲ್ಲಿ ಚಾವಣಿಯ ಮೇಲೆ ತಂತಿ ಕಟ್ಟಲು ಬಿಡುವುದಿಲ್ಲವಂತೆ. ಅದನ್ನು ಅವರಿಗೆ ಆಮೇಲೆ ಹೇಳಿದರಾಯಿತು.

ಅಲ್ಲಿಯವರೆಗೆ ಒಂದು ಉಪಕಾರ ಮಾಡು. ಮನೆಗೆ ಒಮ್ಮೆ ಹೋಗಿ, ಏರಿಯಲ್ ಮತ್ತೆ ಕೆಟ್ಟಿದೆ ಅಂತ ಹೇಳು. ಬೇಕಾದರೆ ಗಂಟು ಬಿಚ್ಚಿಬಿಡು. ನಿನಗೆ ಅದು ಚೆನ್ನಾಗಿ ಬರುತ್ತದೆ.

ನಿನ್ನ ಮಗಳು

ನವೆಂಬರ್ 27

ಮಗಳಿಗೆ,

ಹೋಗಿದ್ದೆ. ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಎರಡು ದಿನದ ತಟ್ಟೆಗಳು. ನಿನ್ನ ಅಪ್ಪ ನೆಲದ ಮೇಲೆ ಕಾಲು ಚಾಚಿ ಕೂತು ಪ್ಲಗ್ಗು ಬಿಚ್ಚಿಕೊಂಡಿದ್ದರು. ಬಲಗೈಯೂ ಸುಟ್ಟುಕೊಂಡಿದ್ದಾರೆ. ನನ್ನ ಹೆಜ್ಜೆ ಗುರುತು ಸಿಕ್ಕಿತು. ಹೇಗಿದ್ದೀಯಾ ಅನ್ನಲಿಲ್ಲ, ಯಾಕೆ ಬಂದೆ ಅನ್ನಲಿಲ್ಲ.

"ಮೀಟರ್ ತಗೊ" ಅಂದರು. "ಬೇರೆಯವ್ರೆಲ್ಲ ಕೇಳಿಸ್ತಾರೆ. ಇವಳೊಬ್ಬಳೇ ಸಿಕ್ತಿಲ್ಲ. ಎಲ್ಲೋ ಸಣ್ಣದೊಂದು ತಪ್ಪಿದೆ."

ಮೊದಲು ಅವರ ಕೈಯಿಂದಲೇ ಪ್ಲಗ್ಗು ಹಾಕಿಸಿದೆ. ಅವರು ಕಡ್ಡಿಗಳನ್ನು ಹಿಡಿದರು. ಮುಳ್ಳು ಅಲ್ಲಾಡಲಿಲ್ಲ, ಅಲ್ಲಾಡಲಿಲ್ಲ ಅಂದೆ. ಟ್ಯಾಂಕು ಹತ್ತಿ ಕ್ಲಿಪ್ಪು ಹಾಕಿ ಇಳಿದು ಬಂದೆ. ಮುಳ್ಳು ಸೊನ್ನೆಗೆ ಬಿತ್ತು, ಸೊನ್ನೆ ಅಂದೆ.

"ನಿಜ ಓದ್ತಿದೀಯಾ?"

"ನಿಜ ಓದ್ತಿದೀನಿ."

"ಆಣೆ ಮಾಡು."

ಮಾಡಿದೆ. ಕಡ್ಡಿಗಳನ್ನು ಕೆಳಗಿಟ್ಟರು.

"ಹಂಗಾದ್ರೆ ಅವಳಿಗೆ ಏನೋ ಆಗಿದೆ" ಅಂದರು. ಮದುವೆಯಾಗಿ ಮೂವತ್ತೇಳು ವರ್ಷದಲ್ಲಿ ಆ ಧ್ವನಿ ನಾನು ಕೇಳಿರಲಿಲ್ಲ.

"ಏನೂ ಆಗಿಲ್ಲ. ಚೆನ್ನಾಗಿದಾಳೆ. ಕಾಗದ ಬಂದಿದೆ" ಅಂದೆ.

"ಓದು" ಅಂದರು.

ಕನ್ನಡಕ ಹಾಕಿಕೊಂಡು ಓದಿದೆ. ಮೊದಲಿನಿಂದ ಕೊನೆಯವರೆಗೆ, ನಿಧಾನವಾಗಿ ಓದಿದೆ. ಮುಗಿದ ಮೇಲೆ ಒಂದೇ ಒಂದು ಕೇಳಿದರು. "ರಜೆ ಎಷ್ಟು ದಿನ ಬಾಕಿ ಇದೆ ಅಂದ್ಳು?"

ಆ ಸಾಲನ್ನು ಇನ್ನೊಂದು ಸಲ ಓದಿ ಹೇಳಿದೆ.

ಅಮ್ಮ